ಎರಡು ಸೂಕ್ತಗಳ ನಡುವೆ ಒಂದು ದಾಂಪತ್ಯ: ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮೂವತ್ತರ ಆಸುಪಾಸಿನ ವಿವಾಹಿತ ಮಹಿಳೆಯೊಬ್ಬರು ನಿದ್ರಾಹೀನತೆ ಮತ್ತು ಬಿಡದೆ ಕಾಡುವ ಪಾಪಪ್ರಜ್ಞೆಯಿಂದಾಗಿ ಸಲಹೆಗೆ ಬಂದರು. ಎರಡನೆಯ ಮದುವೆಯ ಇಚ್ಛೆಯನ್ನು ತಿಳಿಸಿದ್ದ ಪತಿ, ಕುರ್‌ಆನಿನ ನಾಲ್ಕನೆಯ ಅಧ್ಯಾಯವಾದ ಅನ್ನಿಸಾದಲ್ಲಿ ಒಬ್ಬಳಿಗಿಂತ ಹೆಚ್ಚು ಪತ್ನಿಯರನ್ನು ಹೊಂದಲು ಅನುಮತಿಸುವ 3ನೆಯ ಸೂಕ್ತವನ್ನು (ವಚನವನ್ನು) ಆಧಾರವಾಗಿ ಮುಂದಿಟ್ಟಿದ್ದರು. ಆಧುನಿಕ ವ್ಯಾಖ್ಯಾನಗಳನ್ನು ಓದಿಕೊಂಡಿದ್ದ ಈಕೆ ಅದೇ ಅಧ್ಯಾಯದ 129ನೆಯ ಸೂಕ್ತವನ್ನು ಎತ್ತಿಹೇಳಿದಾಗ, ದೇವವಚನವನ್ನು ತಿರುಚುತ್ತಿದ್ದೀಯೆ ಎಂಬ ಆರೋಪ ಪತಿಯಿಂದಲೂ ಹಿರಿಯರಿಂದಲೂ ಬಂದಿತು. ‘ನನ್ನ ಈಮಾನ್ (ನಂಬಿಕೆ) ಹೋಯಿತೇ?’ ಎಂಬುದೇ ಅವರ ಮೊದಲ ಪ್ರಶ್ನೆಯಾಗಿತ್ತು.

ಧಾರ್ಮಿಕ ತೀರ್ಪು ನೀಡುವ ಅಧಿಕಾರ ನನಗಿಲ್ಲ. ಆದರೂ ಈ ಎರಡು ಸೂಕ್ತಗಳನ್ನು ಹೀಗೆ ಜೊತೆಯಾಗಿ ಓದಿದವರಲ್ಲಿ ಅವರು ಮೊದಲಿಗರಲ್ಲವೆಂದು ತಿಳಿಸುವುದು ಅಗತ್ಯವೆನಿಸಿತು. 3ನೆಯ ಸೂಕ್ತ ಅನಾಥರಿಗೆ ಸಲ್ಲಬೇಕಾದ ನ್ಯಾಯದ ಮಾತಿನಿಂದ ಆರಂಭವಾಗಿ, ಪತ್ನಿಯರ ನಡುವೆ ನ್ಯಾಯ ಪಾಲಿಸಲಾರೆವೆಂಬ ಭಯವಿದ್ದರೆ ಒಬ್ಬಳೇ ಸಾಕೆನ್ನುತ್ತದೆ. ಎಷ್ಟೇ ಬಯಸಿದರೂ ಅಂತಹ ಪೂರ್ಣ ನ್ಯಾಯ ನಿಮ್ಮಿಂದಾಗದು ಎನ್ನುತ್ತದೆ 129ನೆಯದು. ಈಜಿಪ್ಟಿನ ಮುಫ್ತಿಯಾಗಿದ್ದ (ಧಾರ್ಮಿಕ ಕಾನೂನಿನ ಬಗ್ಗೆ ಅಭಿಪ್ರಾಯ ನೀಡುವ ವಿದ್ವಾಂಸ) ಮುಹಮ್ಮದ್ ಅಬ್ದುಹು (1849–1905) ಇವೆರಡನ್ನೂ ಕೂಡಿಸಿ ಓದಿ ಬಹುಪತ್ನಿತ್ವವನ್ನು ನಿರ್ಬಂಧಿಸಬಹುದೆಂದು ವಾದಿಸಿದ್ದರು. ಮುಂದೆ 1956ರ ಟ್ಯುನೀಶಿಯಾದ ಕುಟುಂಬ ಸಂಹಿತೆ ಅದನ್ನು ನಿಷೇಧಿಸಿತು. 2004ರ ಮೊರಾಕ್ಕೊ ಸಂಹಿತೆ ನ್ಯಾಯಾಲಯದ ಅನುಮತಿಗೆ ಒಳಪಡಿಸಿತು. ಪತಿಯ ಓದಿಗೂ ಗಟ್ಟಿ ಪರಂಪರೆಯಿದೆ. ಸಾಂಪ್ರದಾಯಿಕ ವ್ಯಾಖ್ಯಾನಕಾರರ ಪ್ರಕಾರ 129ನೆಯ ಸೂಕ್ತ ಹೃದಯದ ಒಲವನ್ನು ಕುರಿತದ್ದು, 3ನೆಯದು ಖರ್ಚು, ವಾಸ, ಸಮಯಗಳಲ್ಲಿ ಸಮಪಾಲನ್ನು ಕೇಳುವಂಥದ್ದು. ಆದರೆ ಒಬ್ಬಳತ್ತ ಪೂರ್ತಿ ವಾಲಿ ಇನ್ನೊಬ್ಬಳನ್ನು ಅತಂತ್ರಳಾಗಿ ಬಿಡಬೇಡಿ ಎಂದು 129ನೆಯ ಸೂಕ್ತ ಮುಂದುವರಿದು ಹೇಳುವ ಮಾತನ್ನು ಎರಡೂ ಪಕ್ಷಗಳು ಒಪ್ಪುತ್ತವೆ.

ಇಬ್ಬರನ್ನೂ ಕೂರಿಸಿ ಮಾತನಾಡಿಸಿದಾಗ, ತಮ್ಮ ಬದುಕಿನ ಬಗ್ಗೆ ಮಾತನಾಡುವುದನ್ನೇ ಅವರು ನಿಲ್ಲಿಸಿದ್ದಾರೆಂಬುದು ಕಂಡಿತು. ಸೂಕ್ತ ಅನುಮತಿ ನೀಡುತ್ತದೆಂದೇ ಇಟ್ಟುಕೊಂಡರೂ ಅದು ಕಡ್ಡಾಯವೆಂದು ಯಾರೂ ಹೇಳುವುದಿಲ್ಲ. ಆದ್ದರಿಂದ ಈ ಮದುವೆ ಏಕೆ ಬೇಕೆಂಬ ಪ್ರಶ್ನೆಗೆ ಉತ್ತರ ನಿಮ್ಮೊಳಗಿನಿಂದಲೇ ಬರಬೇಕು ಎಂದು ಪತಿಗೆ ಹೇಳಿದೆ. ಬಹಳ ಹೊತ್ತಿನ ನಂತರ ಅವರು, ಮನೆಯಲ್ಲಿ ತನ್ನ ಮಾತಿಗೆ ಬೆಲೆಯಿಲ್ಲವೆಂಬ ಹಳೆಯ ನೋವನ್ನು ಹೇಳಿಕೊಂಡರು. ಪತ್ನಿ ಅದನ್ನು ಕೇಳಿದ್ದು ಅದೇ ಮೊದಲು.

ಪತ್ನಿಗೆ ನಾನು ನೀಡಿದ ಸಲಹೆ ಹೀಗಿತ್ತು: ನಂಬಿಕೆಯ ಪ್ರಶ್ನೆಯನ್ನೂ ದಾಂಪತ್ಯದ ಪ್ರಶ್ನೆಯನ್ನೂ ಬೇರೆಬೇರೆಯಾಗಿ ಯೋಚಿಸಿ. ‘ಇದನ್ನು ನಾನು ಸಹಿಸಲಾರೆ’ ಎಂದು ಹೇಳಲು ಯಾವ ವ್ಯಾಖ್ಯಾನದ ಬೆಂಬಲವೂ ಬೇಕಿಲ್ಲ. ಪತಿ ಇನ್ನೊಂದು ಮದುವೆಯಾಗಬಾರದೆಂಬ ಷರತ್ತನ್ನು ನಿಕಾಹ್ (ಮದುವೆ) ಕರಾರಿನಲ್ಲಿ ಸೇರಿಸುವುದನ್ನು ಇಸ್ಲಾಮಿನ ಧಾರ್ಮಿಕ ಕಾನೂನಿನ ಪಂಥಗಳಲ್ಲೊಂದಾದ ಹಂಬಲೀ ಪಂಥ ಮಾನ್ಯ ಮಾಡುವುದರಿಂದ, ತಮ್ಮ ಕರಾರಿನಲ್ಲಿ ಏನಿದೆಯೆಂದು ನೋಡಲೂ, ಕಾನೂನಿನ ರಕ್ಷಣೆಯ ಬಗ್ಗೆ ವಕೀಲರನ್ನು ಪ್ರತ್ಯೇಕವಾಗಿ ಕಾಣಲೂ ತಿಳಿಸಿದೆ. ಅದೇ ಅಧ್ಯಾಯದ 35ನೆಯ ಸೂಕ್ತ ಸೂಚಿಸುವಂತೆ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ಆರಿಸಿಕೊಳ್ಳಲು ಇಬ್ಬರೂ ಒಪ್ಪಿದರು. ಅಲ್ಲಿಯವರೆಗೆ ನಿರ್ಧಾರವನ್ನು ಮುಂದೂಡಲು ಪತಿ ಸಮ್ಮತಿಸಿದ್ದಾರೆ. ಪತ್ನಿಯ ನಿದ್ರೆ ಸ್ವಲ್ಪ ಸುಧಾರಿಸಿದ್ದು, ಅವರೊಂದಿಗಿನ ಪ್ರತ್ಯೇಕ ಭೇಟಿಗಳು ಮುಂದುವರಿದಿವೆ.