ಪ್ರಶ್ನೋತ್ತರ: ರನ್ನೇ ಕೊಡದ ಪಿಚರನ್ನು ಯಾಕೆ ಹೊರಗೆ ಕರೆದರು?

ಪ್ರ: ಸೆಪ್ಟೆಂಬರ್ ಬಂದರೆ ನಮ್ಮ ಆಫೀಸಿನ ಅಮೆರಿಕದ ಸಹೋದ್ಯೋಗಿಗಳಿಗೆ ಬೇಸ್‌ಬಾಲ್ ಬಿಟ್ಟರೆ ಬೇರೆ ಮಾತಿಲ್ಲ. ಮೊನ್ನೆ ಅವರ ತಂಡ 2-0ರಲ್ಲಿ ಗೆದ್ದಿತು. ‘ಎಲ್ಲ ಪಿಚಿಂಗ್ ಮಹಿಮೆ’ ಅಂದರು. ಆದರೆ ಒಂದು ರನ್ನೂ ಕೊಡದ ಆ ಪಿಚರನ್ನು, ಅಂದರೆ ಚೆಂಡೆಸೆಯುವವನನ್ನು, ಒಂಬತ್ತರಲ್ಲಿ ಐದೇ ಇನ್ನಿಂಗ್ಸ್ ಆದ ಮೇಲೆ ಹೊರಗೆ ಕರೆದುಬಿಟ್ಟಿದ್ದರು. ಚೆನ್ನಾಗಿ ಎಸೆಯುವವನಿಗೆ ಇನ್ನೊಂದು ಓವರ್ ಕೊಡುವುದು ತಾನೆ ಲೋಕರೂಢಿ?
ಎಚ್‌ಎಸ್‌ಆರ್ ಬಡಾವಣೆಯ ಓದುಗರು

ಉ: ನೀವು ಕಳಿಸಿದ ಸ್ಕೋರ್‌ಕಾರ್ಡ್‌ನಲ್ಲೇ ಉತ್ತರವಿದೆ. ಐದು ಇನ್ನಿಂಗ್ಸ್, ಮೂರು ಹಿಟ್ (ಬ್ಯಾಟರ್ ಹೊಡೆದು ಬೇಸ್ ತಲುಪಿದ್ದು), ನಾಲ್ಕು ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಬೇಸ್), ಏಳು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್), 101 ಎಸೆತ. ಕೊನೆಯ ಅಂಕಿಯನ್ನು ಮೊದಲು ನೋಡಿ. ಈಗಿನ ಕಾಲದಲ್ಲಿ ಸ್ಟಾರ್ಟರ್‌ನ (ಪಂದ್ಯ ಶುರುಮಾಡುವ ಪಿಚರ್‌ನ) ಕೈಗೆ ನೂರು ಎಸೆತದ ಆಸುಪಾಸು ಗೆರೆ ಎಳೆಯುತ್ತಾರೆ. ನಾಲ್ಕು ವಾಕ್ ಅಂದರೆ ಸ್ಟ್ರೈಕ್ ವಲಯದ (ಬ್ಯಾಟರ್ ಹೊಡೆಯಬಲ್ಲ ಚೌಕದ) ಹೊರಗೆ ಹೋದ 16 ಎಸೆತಗಳು. ಅವುಗಳಿಂದ ಒಂದು ಔಟೂ ಸಿಗಲಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಇನ್ನಿಂಗ್ಸ್‌ಗೆ ಮೂರರಂತೆ 15 ಔಟ್, ಮೂರು ಹಿಟ್, ನಾಲ್ಕು ವಾಕ್ ಸೇರಿದರೆ 22 ಬ್ಯಾಟರ್‌ಗಳು. ಎದುರಾಳಿಯ ಸರದಿಯಲ್ಲಿರುವುದು ಒಂಬತ್ತೇ ಜನ. ಅಂದರೆ ಎರಡು ಸುತ್ತು ಮುಗಿದು, ಮೇಲಿನ ನಾಲ್ವರು ಮೂರನೇ ಸಲವೂ ಎದುರಿಸಿ ಹೋಗಿದ್ದಾರೆ. ಒಬ್ಬನೇ ಪಿಚರನ್ನು ಮೂರನೇ ಸಲ ನೋಡುವ ಹೊತ್ತಿಗೆ ಬ್ಯಾಟರ್‌ಗೆ ಅವನ ಕೈಚಳಕ ಅರ್ಥವಾಗಿರುತ್ತದೆ, ಪಿಚರ್‌ನ ತೋಳೂ ಸೋತಿರುತ್ತದೆ. ಮೂರನೇ ಸುತ್ತಿನಲ್ಲಿ ಹೊಡೆತ ಹೆಚ್ಚುವುದು ಅಂಕಿ-ಅಂಶಗಳಲ್ಲಿ ವರ್ಷವರ್ಷವೂ ಕಾಣುತ್ತದೆ. ಜೊತೆಗೆ ಒಂದು ವಿಷಯ: ಇಲ್ಲಿ ಹೊರಗೆ ಹೋದವನು ಅದೇ ಪಂದ್ಯದಲ್ಲಿ ಮತ್ತೆ ಬರುವಂತಿಲ್ಲ. ಒಂದು ಸ್ಪೆಲ್ ಮುಗಿಸಿ, ಬೌಂಡರಿ ಬಳಿ ನಿಂತು ಸುಧಾರಿಸಿಕೊಂಡು ಬರುವ ಸೌಲಭ್ಯ ಕ್ರಿಕೆಟ್‌ನದು.

ಹಾಗಾದರೆ ಅದು ಒಳ್ಳೆಯ ಪಿಚಿಂಗೇ? ನಮ್ಮ ಮಟ್ಟಿಗೆ ಅರ್ಧ ಒಳ್ಳೆಯದು. ಇನ್ನೊಬ್ಬ ಏಳು ಇನ್ನಿಂಗ್ಸ್‌ನಲ್ಲಿ ಮೂರು ಹಿಟ್, ಒಂದು ವಾಕ್ ಕೊಟ್ಟು 94 ಎಸೆತದಲ್ಲಿ ಮುಗಿಸಿದ ಅಂದುಕೊಳ್ಳಿ. ಇಬ್ಬರ ಎದುರಿಗೂ ಸೊನ್ನೆಯೇ. ಆದರೆ ಮೊದಲನೆಯವನು ಪಂದ್ಯದ 27ರಲ್ಲಿ 12 ಔಟುಗಳ ಕೆಲಸ ಬುಲ್‌ಪೆನ್‌ಗೆ (ಬದಲಿ ಪಿಚರ್‌ಗಳ ಪಡೆಗೆ) ಬಿಟ್ಟು ಹೋದ, ಎರಡನೆಯವನು ಆರೇ ಔಟ್ ಬಿಟ್ಟ. 12 ಔಟಿಗೆ ಮೂರು ನಾಲ್ಕು ರಿಲೀವರ್ (ಬದಲಿ ಪಿಚರ್) ಬೇಕು. ಎರಡು ದಿನ ಸತತ ಎಸೆದ ರಿಲೀವರನ್ನು ಮೂರನೇ ದಿನ ಮುಟ್ಟಲು ಮ್ಯಾನೇಜರ್ (ತಂಡದ ಮುಖ್ಯ ಕೋಚ್) ಹಿಂಜರಿಯುತ್ತಾನೆ. 162 ಪಂದ್ಯಗಳ ಸೀಸನ್, ಬಿಡುವಿನ ದಿನಗಳು ಬೆರಳೆಣಿಕೆಯಷ್ಟು. ಸೆಪ್ಟೆಂಬರ್‌ನಲ್ಲಿ ತಂಡ 26 ಆಟಗಾರರಿಂದ 28ಕ್ಕೆ ಏರಿದರೂ ಪಿಚರ್‌ಗಳು 14ಕ್ಕಿಂತ ಹೆಚ್ಚು ಇರುವಂತಿಲ್ಲ. ಡಿವಿಷನ್ (ಲೀಗ್‌ನ ಒಂದು ಗುಂಪಿನ) ಪೈಪೋಟಿಯಲ್ಲಿ ಇವತ್ತಿನ ಸ್ಟಾರ್ಟರ್ ಉಳಿಸಿಕೊಟ್ಟ ಔಟುಗಳು ನಾಳೆ, ನಾಳಿದ್ದಿನ ಪಂದ್ಯದಲ್ಲಿ ಕೈಹಿಡಿಯುತ್ತವೆ. ಆದ್ದರಿಂದ ಸ್ಕೋರ್ ನೋಡಿದ ಮೇಲೆ ಇನ್ನಿಂಗ್ಸ್, ವಾಕ್, ಎಸೆತ ಈ ಮೂರನ್ನೂ ನೋಡಿ.

ಪ್ರ: ‘ಇಆರ್‌ಎ’ (ಪಿಚರ್ ಒಂಬತ್ತು ಇನ್ನಿಂಗ್ಸ್‌ಗೆ ಕೊಡುವ ಸರಾಸರಿ ರನ್) ಲೆಕ್ಕ ಹಾಕಿದರೆ ನನಗೆ ಪ್ರತಿಸಲ ಬೇರೆ ಉತ್ತರ ಬರುತ್ತದೆ. 6.2 ಇನ್ನಿಂಗ್ಸ್, ಎರಡು ರನ್.
ವಿಜಯನಗರದ ಓದುಗರು

ಉ: ಕ್ಯಾಲ್ಕುಲೇಟರ್‌ನಲ್ಲಿ 6.2 ಎಂದೇ ಒತ್ತಿದ್ದೀರಿ. 6.2 ಓವರ್ ಅಂದರೆ ಆರು ಓವರ್, ಎರಡು ಬಾಲ್ ಅಲ್ಲವೇ? ಇಲ್ಲೂ ಹಾಗೆಯೇ, ಆರು ಇನ್ನಿಂಗ್ಸ್, ಎರಡು ಔಟ್. ಇನ್ನಿಂಗ್ಸ್‌ಗೆ ಮೂರು ಔಟ್ ಆದ್ದರಿಂದ ಅದು ಆರು ಮತ್ತು ಮೂರನೇ ಎರಡು. ಎರಡು ರನ್ನನ್ನು ಒಂಬತ್ತರಿಂದ ಗುಣಿಸಿ 6.667ರಿಂದ ಭಾಗಿಸಿದರೆ 2.70. ನಿಮಗೆ ಬಂದಿರುವುದು 2.90. ಫೀಲ್ಡರ್‌ನ ಎಡವಟ್ಟಿನಿಂದ ಬಂದ ರನ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಮೈದಾನವನ್ನೂ ಗಮನದಲ್ಲಿಡಿ: ಅಮೆರಿಕದ ಡೆನ್ವರ್ ಇರುವುದು 1,600 ಮೀಟರ್ ಎತ್ತರದಲ್ಲಿ. ಅಲ್ಲಿನ ತೆಳು ಗಾಳಿಯಲ್ಲಿ ಕರ್ವ್‌ಬಾಲ್ ಸರಿಯಾಗಿ ಬಾಗುವುದಿಲ್ಲ, ಹೊಡೆದ ಚೆಂಡು ದೂರ ಹೋಗುತ್ತದೆ. ಸುಮಾರು 900 ಮೀಟರ್ ಎತ್ತರದ ನಮ್ಮೂರಿನ ಚಿನ್ನಸ್ವಾಮಿಯಲ್ಲಿ ಸಿಕ್ಸರ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರ: ಪಟ್ಟಿಯಲ್ಲಿ ‘ಎರಡೂವರೆ ಪಂದ್ಯ ಹಿಂದೆ’ ಎಂದಿರುತ್ತದೆ. ಅರ್ಧ ಪಂದ್ಯ ಯಾರು ಆಡಿದರು?
ರಾಜಾಜಿನಗರದ ಓದುಗರು

ಉ: ಯಾರೂ ಆಡಿಲ್ಲ. ಮೊದಲ ಸ್ಥಾನದ ತಂಡ 88 ಗೆದ್ದು 62 ಸೋತಿದೆ, ಎರಡನೆಯದು 85 ಗೆದ್ದು 64 ಸೋತಿದೆ ಎನ್ನಿ. ಗೆಲುವಿನ ಅಂತರ ಮೂರು, ಸೋಲಿನ ಅಂತರ ಎರಡು, ಕೂಡಿಸಿದರೆ ಐದು, ಅರ್ಧ ಮಾಡಿದರೆ ಎರಡೂವರೆ. ಎರಡು ತಂಡ ಆಡಿದ ಪಂದ್ಯಗಳ ಸಂಖ್ಯೆಯಲ್ಲಿ ಒಂದು ಹೆಚ್ಚುಕಡಿಮೆ ಇದ್ದಾಗ ಈ ಅರ್ಧ ಹುಟ್ಟುತ್ತದೆ. ‘ಮ್ಯಾಜಿಕ್ ನಂಬರ್’ (ಮೊದಲ ಸ್ಥಾನ ಖಚಿತವಾಗಲು ಬೇಕಾದ ಎಣಿಕೆ) ಬೇಕಿದ್ದರೆ 163ರಿಂದ (162 ಪಂದ್ಯ, ಜೊತೆಗೆ ಒಂದು) ಮುಂದಿರುವವರ ಗೆಲುವು 88, ಹಿಂದಿರುವವರ ಸೋಲು 64 ಎರಡನ್ನೂ ಕಳೆಯಿರಿ: 11. ಇವರ ಒಂದು ಗೆಲುವಿಗೂ ಅವರ ಒಂದು ಸೋಲಿಗೂ ಒಂದೊಂದು ಇಳಿಯುತ್ತದೆ. ಅವರಿಬ್ಬರೇ ಎದುರಾದ ದಿನ ಮುಂದಿರುವವರು ಗೆದ್ದರೆ ಒಂದೇ ಪಂದ್ಯದಲ್ಲಿ ಎರಡು ಇಳಿಯುತ್ತದೆ. ಒಳ್ಳೆಯ ಪಿಚರನ್ನು ಆ ಸರಣಿಗೇ ಹೊಂದಿಸಿಕೊಳ್ಳಲು ಒದ್ದಾಡುವುದು ಇದಕ್ಕೇ.

ಪ್ರ: ಅಷ್ಟು ಬಿಗಿ ಪೈಪೋಟಿ ಇದ್ದರೆ ಅತ್ಯುತ್ತಮ ಪಿಚರನ್ನು ದಿನ ಬಿಟ್ಟು ದಿನ ಆಡಿಸಬಾರದೇ?
ಮಲ್ಲೇಶ್ವರದ ಓದುಗರು

ಉ: ಮೊಣಕೈ ಕೇಳುವುದಿಲ್ಲ. ಬೌಲರ್ ಕೈ ನೇರವಾಗಿಟ್ಟು ತಿರುಗಿಸುತ್ತಾನೆ. ಪಿಚರ್ ಮೊಣಕೈ ಮಡಿಸಿ ಚಾಟಿಯಂತೆ ಬೀಸುತ್ತಾನೆ, ಆ ಎಳೆತವೆಲ್ಲ ಒಳಬದಿಯ ಸಣ್ಣ ಅಸ್ಥಿರಜ್ಜಿನ ಮೇಲೆ ಬೀಳುತ್ತದೆ. ಅದು ಹರಿದರೆ ಬೇರೆಡೆಯ ಸ್ನಾಯುರಜ್ಜು ತಂದು ಕೂರಿಸುವ ಶಸ್ತ್ರಚಿಕಿತ್ಸೆಯನ್ನು 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ. ಮರಳಿ ಎಸೆಯಲು ಒಂದು ವರ್ಷವಾದರೂ ಬೇಕು. ಅದಕ್ಕೇ ಐವರು ಸ್ಟಾರ್ಟರ್‌ಗಳ ಸರದಿ, ನಡುವೆ ಕನಿಷ್ಠ ನಾಲ್ಕು ದಿನ ವಿಶ್ರಾಂತಿ.

ನಿಯಮ ಮುರಿದು ಗೆದ್ದವರೂ ಉಂಟು. 1978ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಜುಲೈನಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ಗಿಂತ 14 ಪಂದ್ಯ ಹಿಂದಿತ್ತು. ಎಡಗೈ ಪಿಚರ್ ರಾನ್ ಗಿಡ್ರಿ ಸೆಪ್ಟೆಂಬರ್‌ನ ಒಂದೇ ವಾರದ ಅಂತರದಲ್ಲಿ ಅದೇ ಬಾಸ್ಟನ್‌ಗೆ ಎರಡು ಸಲ ಸೊನ್ನೆ ಸುತ್ತಿದ, ಎರಡರಲ್ಲೂ ಕೊಟ್ಟಿದ್ದು ಎರಡೆರಡೇ ಹಿಟ್. ಕೊನೆಗೆ ಎರಡೂ ತಂಡ 99-63ರಲ್ಲಿ ಸಮ. ಅಕ್ಟೋಬರ್ 2ರ ನಿರ್ಣಾಯಕ ಪಂದ್ಯಕ್ಕೆ ಗಿಡ್ರಿ ಬಂದದ್ದು ಮೂರೇ ದಿನದ ವಿಶ್ರಾಂತಿಯಲ್ಲಿ. ಆದರೆ ಆವತ್ತೂ ಅವನು 6.1 ಇನ್ನಿಂಗ್ಸ್ ಆದ ಮೇಲೆ ಹೊರಗೆ ಹೋದ, ಉಳಿದ ಎಂಟು ಔಟನ್ನು ರಿಲೀವರ್ ಗೂಸ್ ಗಾಸೇಜ್ ತೆಗೆದ, ಯಾಂಕೀಸ್ 5-4ರಲ್ಲಿ ಗೆದ್ದಿತು. ಆ ವರ್ಷ ಗಿಡ್ರಿಯದು 25 ಗೆಲುವು, ಮೂರು ಸೋಲು, ಇಆರ್‌ಎ 1.74. ಈಗ ಅಂಥ ಹೆಚ್ಚುವರಿ ಪಂದ್ಯವೂ ಇಲ್ಲ. 2022ರಿಂದ ಸಮ ಬಂದರೆ ಮೊದಲು ಪರಸ್ಪರ ಪಂದ್ಯಗಳ ಲೆಕ್ಕ ನೋಡುತ್ತಾರೆ.

ಪ್ರ: ಹನ್ನೆರಡು ವರ್ಷದ ಮಗ ಕ್ರಿಕೆಟ್‌ನಲ್ಲಿ ವೇಗದ ಬೌಲರ್. ಅಪಾರ್ಟ್‌ಮೆಂಟಿನಲ್ಲಿ ಪಿಚಿಂಗ್ ಕಲಿಸಬಹುದೇ?
ಯಲಹಂಕದ ಓದುಗರು

ಉ: ಕಲಿಸಬಹುದು. ಪಿಚರ್ ನಿಂತು ಎಸೆಯುವ ಮಣ್ಣಿನ ದಿಬ್ಬ ಈಗಲೇ ಬೇಡ, ಸಮನೆಲ ಸಾಕು. ದೊಡ್ಡವರಿಗೆ ದೂರ 18.44 ಮೀಟರ್, ಈ ವಯಸ್ಸಿಗೆ 14 ಮೀಟರ್. ನೆಲದಲ್ಲಿ 43 ಸೆಂಟಿಮೀಟರ್ ಅಗಲದ ಪ್ಲೇಟನ್ನು (ಬ್ಯಾಟರ್ ಪಕ್ಕ ನಿಲ್ಲುವ ಗುರಿಫಲಕವನ್ನು) ಸೀಮೆಸುಣ್ಣದಲ್ಲಿ ಬರೆಯಿರಿ, ಹಿಂದೆ ಹಗ್ಗಕ್ಕೆ ಹಳೆ ಜಮಖಾನ ಇಳಿಬಿಡಿ. ಗೋಡೆಗೆ ಎಸೆದರೆ ಚೆಂಡಿನ ಹೊಲಿಗೆಯೂ ಹೋಗುತ್ತದೆ, ಅಸೋಸಿಯೇಷನ್‌ನವರ ತಾಳ್ಮೆಯೂ ಹೋಗುತ್ತದೆ. ತೋರುಬೆರಳು, ನಡುಬೆರಳನ್ನು ಹೊಲಿಗೆಗೆ ಅಡ್ಡಲಾಗಿ ಇಡಲಿ, ಹೆಬ್ಬೆರಳು ಕೆಳಗೆ, ಚೆಂಡು ಅಂಗೈಗೆ ತಾಗದಿರಲಿ. ಮುಂಗಾಲು ನೆಲ ಮುಟ್ಟುವಾಗ ಮೊಣಕೈ ಭುಜದ ಮಟ್ಟಕ್ಕೆ ಬಂದಿರಬೇಕು. ಬೌಲರ್‌ಗಳು ಅಭ್ಯಾಸಬಲದಿಂದ ಕೈ ನೇರ ಮಾಡಿಬಿಡುತ್ತಾರೆ, ಅಲ್ಲೇ ತಿದ್ದಿ. ಚೆಂಡು ಮೇಲೆ ಹಾರಿದರೆ ಬೇಗ ಬಿಟ್ಟಿದ್ದಾನೆ, ಮುಂದೆಯೇ ಪುಟಿದರೆ ತಡವಾಗಿದೆ. ಕರ್ವ್‌ಬಾಲ್ ಸದ್ಯಕ್ಕೆ ಬೇಡವೇ ಬೇಡ.

ಅಮೆರಿಕದ ಮಕ್ಕಳ ಲಿಟ್ಲ್ ಲೀಗ್‌ನಲ್ಲಿ 11-12 ವಯಸ್ಸಿಗೆ ದಿನಕ್ಕೆ 85 ಎಸೆತ ಮಿತಿ, 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಅದು ಪಳಗಿದ ಮಕ್ಕಳ ಲೆಕ್ಕ. ನಿಮ್ಮ ಹುಡುಗ 20ರಿಂದ ಶುರುಮಾಡಲಿ, ನೆಟ್ಸ್‌ನಲ್ಲಿ ಬೌಲಿಂಗ್ ಮಾಡಿದ ದಿನ ಪಿಚಿಂಗ್ ಬೇಡ. ಮೊಣಕೈ ಒಳಬದಿ ನೋವು ಅಂದರೆ ಅವತ್ತೇ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಮುಲಾಮು ಹಚ್ಚಿ ಮುಂದುವರಿಸಬೇಡಿ.

ಪ್ರ: ನಿದ್ದೆಗೆಡದೆ ನೇರಪ್ರಸಾರ ನೋಡಲು ಸಾಧ್ಯವೇ?
ಜಯನಗರದ ಓದುಗರು

ಉ: ಅಮೆರಿಕದ ಪಶ್ಚಿಮ ಕರಾವಳಿಯ ತಂಡ ಹಿಡಿಯಿರಿ. ಅಲ್ಲಿ ಸಂಜೆ ಏಳು ಅಂದರೆ ನಮಗೆ ಬೆಳಗ್ಗೆ ಏಳೂವರೆ, ಕಾಫಿ ಹೊತ್ತು. ನ್ಯೂಯಾರ್ಕ್‌ನ ಸಂಜೆ ಏಳು ನಮ್ಮ ನಸುಕಿನ ನಾಲ್ಕೂವರೆ.