ಮರುದಿನದ ದೃಷ್ಟಿ ಸಾಲದು
ಮುಂಬೈ ಘಾಟ್ಕೋಪರ್‌ನ ಟ್ರಸ್ಟ್ ಆಸ್ಪತ್ರೆಯವರು ಪೊರೆ ಆಪರೇಷನ್ ಆದ ಮರುದಿನದ ದೃಷ್ಟಿಯನ್ನಷ್ಟೇ ಆನ್‌ಲೈನ್ ರಿಪೋರ್ಟಿಗೆ ತುಂಬಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು ಸರ್. ಮರುದಿನ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಊದಿಕೊಂಡಿರಬಹುದು. 4–6 ವಾರಕ್ಕೆ ಮತ್ತೆ ನೋಡಿ, ಬರಿಗಣ್ಣಿನ ದೃಷ್ಟಿ ಮತ್ತು ಪಿನ್‌ಹೋಲ್ (ಸಣ್ಣ ತೂತಿನ ಮೂಲಕ ನೋಡಿಸಿದಾಗಿನ) ದೃಷ್ಟಿ ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯಿರಿ.

ಬರಿಗಣ್ಣಿಗೆ 6/36 (ಬೇರೆಯವರು 36 ಮೀಟರ್‌ನಿಂದ ಓದುವುದನ್ನು ಇವರು 6 ಮೀಟರ್‌ನಿಂದಷ್ಟೇ ಓದುತ್ತಾರೆ), ಪಿನ್‌ಹೋಲ್‌ನಲ್ಲಿ 6/9 ಬಂದರೆ ಅದು ಹೆಚ್ಚಾಗಿ ಕನ್ನಡಕದ ನಂಬರಿನ ತೊಂದರೆ. ಸರ್ಜನ್‌ರನ್ನು ದೂರುವ ಮೊದಲು ಬಯೋಮೆಟ್ರಿ (ಕಣ್ಣೊಳಗೆ ಹಾಕುವ ಲೆನ್ಸಿನ ಪವರ್ ಲೆಕ್ಕಕ್ಕೆ ಕಣ್ಣನ್ನು ಅಳೆದದ್ದು) ನೋಡಿ. ಎ-ಸ್ಕ್ಯಾನ್ (ಕಣ್ಣಿನ ಉದ್ದ ಅಳೆಯುವ ಅಲ್ಟ್ರಾಸೌಂಡ್) ಪ್ರೋಬ್ ಕಾರ್ನಿಯಾವನ್ನು ಒತ್ತಿ ಕಣ್ಣಿನ ಉದ್ದ 1 ಮಿ.ಮೀ. ಕಮ್ಮಿ ತೋರಿಸಿದರೆ ಲೆನ್ಸಿನ ನಂಬರಿನಲ್ಲಿ ಸುಮಾರು 2.5 ಡಯಾಪ್ಟರ್ ಎಡವಟ್ಟಾಗಿ, ರೋಗಿಗೆ ದೂರದ್ದು ಮಸುಕಾಗುತ್ತದೆ. ಪಿನ್‌ಹೋಲ್‌ನಲ್ಲೂ ಸುಧಾರಿಸದಿದ್ದರೆ ರೆಟಿನಾದ (ಕಣ್ಣಿನ ಹಿಂಪದರದ) ತೊಂದರೆಯೇ, ಗ್ಲಾಕೋಮಾವೇ (ಕಣ್ಣಿನ ನರ ಹಾಳಾಗುವ ಕಾಯಿಲೆ), ಆಪರೇಷನ್‌ನಲ್ಲಿ ಕ್ಯಾಪ್ಸೂಲ್ (ಲೆನ್ಸ್ ಕೂರುವ ತೆಳು ಚೀಲ) ಹರಿದದ್ದೇ—ಕಾರಣ ಗುರುತಿಸಿ.

ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಅಳತೆ: ಆಪರೇಷನ್ ಆದವರಲ್ಲಿ ಕನಿಷ್ಠ 80% ಮಂದಿಗೆ 6/18 ಅಥವಾ ಅದಕ್ಕಿಂತ ಒಳ್ಳೆಯ ದೃಷ್ಟಿ ಇರಬೇಕು, 6/60ಕ್ಕಿಂತ ಕೆಟ್ಟ ದೃಷ್ಟಿಯವರು 5% ಮೀರಬಾರದು. ಮರಳಿ ಬಾರದವರನ್ನು ಲೆಕ್ಕದಿಂದ ಕೈಬಿಟ್ಟು ಈ ಅಂಕಿ ಮುಟ್ಟುವುದು ಸುಲಭ, ಆದರೆ ಮೋಸ. ಅವರಿಗೆ ಫೋನ್ ಮಾಡಿಸಿ.