ಹಳೆಯ ಬ್ರೌಸರ್ ತಡೆದ ಪುಟಕ್ಕೆ ಒತ್ತಾಯದಿಂದ ಹೋಗಬಹುದೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2011ರಲ್ಲಿ ಕೊಂಡ ವಿಂಡೋಸ್ 7 ಕಂಪ್ಯೂಟರನ್ನೇ ಇಂದಿಗೂ ಬಳಸುತ್ತಿದ್ದೇನೆ. ‘ನುಡಿ’ಯಲ್ಲಿ ಬೆರಳಚ್ಚು ಮಾಡಿಟ್ಟ ಬರಹಗಳೆಲ್ಲ ಅದರಲ್ಲೇ ಇರುವುದರಿಂದ ಬದಲಾಯಿಸಲು ಮನಸ್ಸು ಬಂದಿಲ್ಲ. ಅದರೊಡನೆ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಕೆಲವು ಜಾಲತಾಣಗಳು ಈಗ ತೆರೆಯುವುದೇ ಇಲ್ಲ. ಇನ್ನು ಕೆಲವಕ್ಕೆ, ತಾಣದ ಭದ್ರತಾ ಪ್ರಮಾಣಪತ್ರದಲ್ಲಿ ತೊಂದರೆಯಿದೆ ಎಂಬ ಎಚ್ಚರಿಕೆ ಬರುತ್ತದೆ. ಅವೇ ತಾಣಗಳು ಮೊಮ್ಮಗಳ ಮೊಬೈಲಿನಲ್ಲಿ ಸಲೀಸಾಗಿ ತೆರೆಯುತ್ತವೆ. ಸೈಬರ್ ಸೆಂಟರಿನ ಹುಡುಗ ‘ಕೆಳಗಿರುವ ಮುಂದುವರಿಯಿರಿ ಎಂಬುದನ್ನು ಒತ್ತಿ ಸಾರ್, ಏನೂ ಆಗುವುದಿಲ್ಲ’ ಎನ್ನುತ್ತಾನೆ. ಬ್ಯಾಂಕಿನ ಪುಟಕ್ಕೂ ಹಾಗೆ ಹೋಗಬಹುದೇ?
– ತೀರ್ಥಹಳ್ಳಿಯ ಓದುಗರೊಬ್ಬರು

ಉತ್ತರ: ಮಾನ್ಯರೇ, ಬ್ಯಾಂಕಿನ ಪುಟಕ್ಕೆ ಹಾಗೆ ಹೋಗಲೇಬೇಡಿ. ಹುಡುಗ ನಿಮಗೆ ನೆರವಾಗಲೆಂದೇ ಹೇಳಿರಬಹುದು. ಆದರೆ ಹಣ ಹೋದರೆ ಹೋಗುವುದು ನಿಮ್ಮದು.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಅವನ್ನು ಬಿಡಿಸಿ ನೋಡಬೇಕು. ಮೊದಲನೆಯದು ಪುಟ ತೆರೆಯದೇ ಇರುವುದು. ಎಚ್‌ಟಿಟಿಪಿಎಸ್ ಎಂದು ಆರಂಭವಾಗುವ ಯಾವುದೇ ವಿಳಾಸಕ್ಕೆ ಹೋದಾಗ, ಪುಟದ ಒಂದಕ್ಷರ ಬರುವುದಕ್ಕೂ ಮೊದಲು, ನಿಮ್ಮ ಬ್ರೌಸರ್ ಮತ್ತು ಆ ಕಡೆಯ ಸರ್ವರ್ ಎರಡೂ ಬಲ್ಲ ಗೂಢಲಿಪಿಯ ಕ್ರಮವೊಂದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಈ ಒಪ್ಪಂದದ ನಿಯಮಾವಳಿಗೆ ಟಿಎಲ್‌ಎಸ್ ಎಂದು ಹೆಸರು. ಅದರ 1.0 ಆವೃತ್ತಿ 1999ರಲ್ಲಿ, 1.1 ಆವೃತ್ತಿ 2006ರಲ್ಲಿ, 1.2 ಆವೃತ್ತಿ 2008ರಲ್ಲಿ, 1.3 ಆವೃತ್ತಿ 2018ರಲ್ಲಿ ಬಂದವು. ಮೊದಲ ಎರಡು ಆವೃತ್ತಿಗಳು ದುರ್ಬಲವಾದ ಹಳೆಯ ಕ್ರಮಗಳನ್ನು ಅವಲಂಬಿಸಿದ್ದ ಕಾರಣ, ಅವನ್ನು ಕೈಬಿಡುವುದಾಗಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮತ್ತು ಎಡ್ಜ್ ತಯಾರಕರು 2018ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು. 2021ರ ಮಾರ್ಚ್‌ನಲ್ಲಿ, ಅಂತರಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯೂ ಅವನ್ನು ಬಳಸಕೂಡದೆಂದು ವಿಧ್ಯುಕ್ತವಾಗಿ ಹೇಳಿತು. ವಿಂಡೋಸ್ 7ರೊಡನೆ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ 1.2 ಆವೃತ್ತಿ ಅಡಗಿದ್ದರೂ ಅದು ತಾನಾಗಿ ಚಾಲೂ ಆಗಿರುವುದಿಲ್ಲ. ನಿಮ್ಮ ಬ್ರೌಸರ್ 1.0 ಮಾತ್ರ ಬಲ್ಲೆನೆಂದು ಹೇಳುತ್ತದೆ, ಸರ್ವರ್ 1.2ಕ್ಕಿಂತ ಕೆಳಗೆ ಮಾತನಾಡಲಾರೆನೆನ್ನುತ್ತದೆ, ಸಂಪರ್ಕ ಅಲ್ಲಿಗೇ ಮುರಿಯುತ್ತದೆ. ಇಂತಹ ಸಂದರ್ಭದಲ್ಲಿ ‘ಮುಂದುವರಿಯಿರಿ’ ಎಂಬ ಗುಂಡಿಯೂ ಕಾಣಿಸುವುದಿಲ್ಲ.

ಇಂಟರ್ನೆಟ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ಟಿಎಲ್‌ಎಸ್ 1.2ರ ಎದುರು ಗುರುತು ಹಾಕಿದರೆ ಕೆಲವು ತಾಣಗಳು ತೆರೆದಾವು. ಆದರೆ ಅದನ್ನು ಪರಿಹಾರವೆಂದು ಹೇಳಲು ನನಗೆ ಧೈರ್ಯವಿಲ್ಲ. ಇಂದಿನ ಸರ್ವರ್‌ಗಳು ಒಪ್ಪುವ ಗೂಢಲಿಪಿಯ ಕ್ರಮಗಳಲ್ಲಿ ಕೆಲವು ವಿಂಡೋಸ್ 7ಕ್ಕೆ ಗೊತ್ತೇ ಇಲ್ಲ. ಮೇಲಾಗಿ ಮೈಕ್ರೋಸಾಫ್ಟ್ ವಿಂಡೋಸ್ 7ರ ಸಾಮಾನ್ಯ ಬೆಂಬಲವನ್ನು 2020ರ ಜನವರಿ 14ರಂದು, ಇಂಟರ್ನೆಟ್ ಎಕ್ಸ್‌ಪ್ಲೋರರ್ 11ರ ಬೆಂಬಲವನ್ನು 2022ರ ಜೂನ್ 15ರಂದು ನಿಲ್ಲಿಸಿತು.

ಎರಡನೆಯ ತೊಂದರೆಯೇ ಹೆಚ್ಚು ಗಂಭೀರವಾದದ್ದು. ಪ್ರತಿಯೊಂದು ಸುರಕ್ಷಿತ ತಾಣವೂ ತಾನು ಇಂಥದ್ದೇ ಎಂದು ತೋರಿಸುವ ಪ್ರಮಾಣಪತ್ರವನ್ನು ಕಳುಹಿಸುತ್ತದೆ, ಅದಕ್ಕೆ ಪ್ರಮಾಣೀಕರಣ ಸಂಸ್ಥೆಯೊಂದರ ಸಹಿ ಇರುತ್ತದೆ, ಮತ್ತು ಯಾವ ಯಾವ ಸಂಸ್ಥೆಗಳ ಸಹಿಯನ್ನು ನಂಬಬಹುದು ಎಂಬ ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲಿ ಅಥವಾ ಬ್ರೌಸರಿನಲ್ಲಿಯೇ ಇರುತ್ತದೆ. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಯಂತ್ರದಲ್ಲಿ ಈ ಪಟ್ಟಿ ಹಿಂದುಳಿಯುತ್ತದೆ: ಹೊಸದಾಗಿ ಬಂದ ಸಂಸ್ಥೆಗಳು ಅದರಲ್ಲಿರುವುದಿಲ್ಲ, ಹಳೆಯ ಸಂಸ್ಥೆಗಳ ಮೂಲ ಪ್ರಮಾಣಪತ್ರಗಳ (ಅಂದರೆ ಆ ಸಂಸ್ಥೆಗಳ ಸಹಿಯನ್ನು ತಾಳೆ ನೋಡಲು ಪಟ್ಟಿಯಲ್ಲಿ ಇಟ್ಟಿರುವ ಅವುಗಳದೇ ಪ್ರಮಾಣಪತ್ರಗಳ) ಅವಧಿ ಮುಗಿದಿರುತ್ತದೆ. ಆಗ ನಿಜವಾದ ತಾಣಕ್ಕೂ ಎಚ್ಚರಿಕೆ ಬರುತ್ತದೆ. ನಡುವೆ ನುಸುಳಿ ನಿಮ್ಮ ಪಾಸ್‌ವರ್ಡ್ ಕದಿಯಲು ಯಾರೋ ಒಡ್ಡಿದ ನಕಲಿ ಪುಟಕ್ಕೂ ಅದೇ ಎಚ್ಚರಿಕೆಯೇ ಬರುತ್ತದೆ. ಪರದೆಯ ಮುಂದೆ ಕುಳಿತ ನಿಮಗಾಗಲಿ ನನಗಾಗಲಿ ಇವೆರಡನ್ನು ಬೇರ್ಪಡಿಸಲು ದಾರಿಯಿಲ್ಲ. ನಿಜವಾದ ತಾಣಗಳ ಎಚ್ಚರಿಕೆಯನ್ನು ದಿನವೂ ದಾಟಿ ಅಭ್ಯಾಸವಾದ ಕೈ, ನಕಲಿ ಪುಟ ಬಂದ ದಿನವೂ ಅದೇ ಗುಂಡಿಯನ್ನು ಒತ್ತುತ್ತದೆ. ನನ್ನ ಭಯವಿರುವುದು ಅಲ್ಲಿ.

ಹಳೆಯ ಪಟ್ಟಿ ಇನ್ನೊಂದು ಬಗೆಯಲ್ಲೂ ಮೋಸ ಮಾಡುತ್ತದೆ, ಮತ್ತು ಇದನ್ನು ಯಾರೂ ಹೇಳುವುದಿಲ್ಲ: ನಂಬಬಾರದವರನ್ನು ಅದು ಸದ್ದಿಲ್ಲದೆ ನಂಬುತ್ತಲೇ ಇರುತ್ತದೆ. 2011ರಲ್ಲಿ ನೆದರ್‌ಲೆಂಡ್ಸ್‌ನ ಡಿಜಿನೋಟಾರ್ ಎಂಬ ಪ್ರಮಾಣೀಕರಣ ಸಂಸ್ಥೆಗೆ ಕನ್ನ ಹಾಕಿದವರು ಐನೂರಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರಗಳನ್ನು ಸೃಷ್ಟಿಸಿದರು. ಗೂಗಲ್ ಹೆಸರಿನ ಒಂದನ್ನು ಇರಾನಿನ ಬಳಕೆದಾರರ ಮೇಲೆ ಪ್ರಯೋಗಿಸಲಾಯಿತು. 2014ರ ಜುಲೈನಲ್ಲಿ ನಮ್ಮ ದೇಶದ ರಾಷ್ಟ್ರೀಯ ಮಾಹಿತಿ ಕೇಂದ್ರದ ಪ್ರಮಾಣೀಕರಣ ವ್ಯವಸ್ಥೆಯಿಂದಲೇ ಗೂಗಲ್‌ನ ಕೆಲವು ವಿಳಾಸಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿದ್ದವು. ಎರಡೂ ಸಲ ಬ್ರೌಸರ್ ಮತ್ತು ವಿಂಡೋಸ್ ತಯಾರಕರು ಅವನ್ನು ತಡೆಯುವ ಅಪ್‌ಡೇಟ್‌ಗಳನ್ನು ತಡಮಾಡದೆ ಕಳುಹಿಸಿದರು. ಅಪ್‌ಡೇಟ್ ನಿಂತುಹೋದ ಯಂತ್ರಕ್ಕೆ ಮುಂದೆ ಇಂಥದ್ದು ನಡೆದರೆ ಸುದ್ದಿಯೇ ತಲುಪುವುದಿಲ್ಲ.

ಏನು ಮಾಡಬಹುದು? ವಿಂಡೋಸ್ 7ಕ್ಕೆ ಕ್ರೋಮ್‌ನ ಕೊನೆಯ ಆವೃತ್ತಿ 2023ರ ಜನವರಿಯಲ್ಲಿ ಬಂದ 109. ಫೈರ್‌ಫಾಕ್ಸ್‌ನ ದೀರ್ಘಾವಧಿ ಬೆಂಬಲದ 115ನೆಯ ಆವೃತ್ತಿಗೆ ವಿಂಡೋಸ್ 7ಕ್ಕಾಗಿಯೇ ಮೊಜಿಲ್ಲಾ ತಿದ್ದುಪಡಿಗಳ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿತು. ಫೈರ್‌ಫಾಕ್ಸ್ ನಂಬಿಕೆಯ ಪಟ್ಟಿಯನ್ನೂ ಗೂಢಲಿಪಿಯ ಕ್ರಮಗಳನ್ನೂ ತನ್ನೊಳಗೇ ಇಟ್ಟುಕೊಂಡಿರುವುದರಿಂದ ವಿಂಡೋಸ್‌ನ ಹಳತನ ಅದನ್ನು ಅಷ್ಟಾಗಿ ತಟ್ಟುವುದಿಲ್ಲ. ಪತ್ರಿಕೆ ಓದಲು, ಹವಾಮಾನ ನೋಡಲು ಅದು ಸಾಕು. ಹಣದ ವ್ಯವಹಾರಕ್ಕೆ ಮಾತ್ರ ಅಪ್‌ಡೇಟ್ ಬರುತ್ತಿರುವ ಮೊಬೈಲನ್ನೋ ಬೇರೆ ಕಂಪ್ಯೂಟರನ್ನೋ ಬಳಸಿ. ನಿಮ್ಮ ಬರಹಗಳ ವಿಷಯದಲ್ಲಿ ನನಗೂ ಕಾಳಜಿಯಿದೆ: ಇಂದೇ ಅವನ್ನೆಲ್ಲ ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ, ಬಿಡುವಾದಂತೆ ಯೂನಿಕೋಡ್‌ಗೆ ಪರಿವರ್ತಿಸಿ. ಆ ಬಳಿಕ ಹಳೆಯ ಯಂತ್ರವನ್ನು ಅಂತರಜಾಲದಿಂದ ಬಿಡಿಸಿ ಬರೆಯುವುದಕ್ಕಷ್ಟೇ ಇಟ್ಟುಕೊಂಡರೂ ಅಡ್ಡಿಯಿಲ್ಲ.

ಪ್ರಶ್ನೆ: ಅಪ್ಪನ ಆಂಡ್ರಾಯ್ಡ್ 6 ಮೊಬೈಲಿನ ಕ್ರೋಮ್‌ನಲ್ಲಿ ಹಲವು ತಾಣಗಳಿಗೆ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂದು ಬರುತ್ತದೆ, ಅದೇ ಮೊಬೈಲಿನ ಫೈರ್‌ಫಾಕ್ಸ್‌ನಲ್ಲಿ ಅವು ತೆರೆಯುತ್ತವೆ. ತಪ್ಪು ಯಾವುದರದ್ದು?
– ಗದಗದಿಂದ ಓದುಗರೊಬ್ಬರು

ಉತ್ತರ: ಆ ತಾಣಗಳು ಬಹುಶಃ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರ ಬಳಸುತ್ತಿವೆ. ಅದರ ಸ್ವಂತ ಮೂಲ ಪ್ರಮಾಣಪತ್ರ ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಮೊಬೈಲುಗಳ ಪಟ್ಟಿಯಲ್ಲಿಲ್ಲ. ಅವು ನಂಬುತ್ತಿದ್ದ ಇನ್ನೊಂದು ಸಂಸ್ಥೆಯ ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಹಳೆಯ ಮೊಬೈಲುಗಳಿಗಾಗಿ ಮಾಡಿದ್ದ ವಿಶೇಷ ಏರ್ಪಾಟೂ 2024ರ ಸೆಪ್ಟೆಂಬರ್ 30ಕ್ಕೆ ಕೊನೆಗೊಂಡಿತು. ಆ ಮೊಬೈಲಿನ ಕ್ರೋಮ್ ಆಂಡ್ರಾಯ್ಡ್‌ನ ಪಟ್ಟಿಯನ್ನು ನೋಡುತ್ತದೆ, ಫೈರ್‌ಫಾಕ್ಸ್ ತನ್ನದೇ ಪಟ್ಟಿಯನ್ನು ನೋಡುತ್ತದೆ, ವ್ಯತ್ಯಾಸ ಇಷ್ಟೇ. ಈ ತೊಡಕನ್ನು ನಿವಾರಿಸುತ್ತೇವೆಂದು ಅಪರಿಚಿತರು ಕಳುಹಿಸುವ ಪ್ರಮಾಣಪತ್ರದ ಕಡತಗಳನ್ನು ಮೊಬೈಲಿಗೆ ಹಾಕಿಕೊಳ್ಳಬೇಡಿ. ಅದನ್ನು ಕೊಟ್ಟವರಿಗೆ ತಂದೆಯವರ ಸಂಪರ್ಕಗಳ ನಡುವೆ ನುಸುಳುವ ದಾರಿಯನ್ನೂ ಕೊಟ್ಟಂತಾಗುತ್ತದೆ.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗಲೆಲ್ಲ ನಮ್ಮ ಡೆಸ್ಕ್‌ಟಾಪ್‌ನಲ್ಲಿ ಯಾವ ಸುರಕ್ಷಿತ ತಾಣವೂ ತೆರೆಯುವುದಿಲ್ಲ. ಬ್ರೌಸರ್ ಹೊಸದೇ ಇದೆ.
– ಶಿರಸಿಯ ಓದುಗರೊಬ್ಬರು

ಉತ್ತರ: ಪರದೆಯ ಮೂಲೆಯ ದಿನಾಂಕ ನೋಡಿ, ಹಲವು ವರ್ಷ ಹಿಂದಕ್ಕೆ ಹೋಗಿರಬಹುದು. ಪ್ರತಿ ಪ್ರಮಾಣಪತ್ರಕ್ಕೂ ಆರಂಭದ ದಿನ, ಮುಗಿಯುವ ದಿನ ಇರುವುದರಿಂದ, ಗಡಿಯಾರ ಹಿಂದಿದ್ದರೆ ಬ್ರೌಸರ್ ‘ಇದು ಇನ್ನೂ ಜಾರಿಗೆ ಬಂದಿಲ್ಲ’ ಎಂದು ತಿರಸ್ಕರಿಸುತ್ತದೆ. ಮದರ್‌ಬೋರ್ಡ್ ಮೇಲಿನ ನಾಣ್ಯದಂತಹ 3 ವೋಲ್ಟ್ ಬ್ಯಾಟರಿ ಸತ್ತಿರಬೇಕು. ಹೆಚ್ಚಿನ ಕಂಪ್ಯೂಟರುಗಳಲ್ಲಿ ಅದು ಸಿಆರ್2032. ಪ್ಲಗ್ ಕಿತ್ತು, ಬ್ಯಾಟರಿ ಬದಲಿಸಿ, ದಿನಾಂಕ ಸರಿಪಡಿಸಿ ಅದೇ ತಾಣವನ್ನು ಮತ್ತೆ ತೆರೆದು ನೋಡಿ.